ಸೊಂಟದ ಗುರಿ

ಪಟೇಲ ಕರಿಸಿದ್ದಪ್ಪನವರು ಕೋವಿಯ ಬುಡವನ್ನು ಸೊಂಟಕ್ಕೆ ಒತ್ತಿ ಹಿಡಿದು, ಹಿತ್ತಲಿನ ನುಗ್ಗೆಮರದ ಕಡೆಗೆ ಎದೆ ಉಬ್ಬಿಸಿ ನಿಂತದ್ದನ್ನು ಕಂಡ ಹೆಂಡತಿ ಹಾಲಮ್ಮ, ಹಗ್ಗದ ಮೇಲೆ ಒಣಹಾಕಿದ್ದ ಸೀರೆಗಳನ್ನು ಬಾಚಿಕೊಂಡು ಒಳಗೆ ಓಡಿದಳು. ಓಡುವ ದಾರಿಯಲ್ಲೇ ಎಮ್ಮೆಯ ಕರುವನ್ನು ಬಿಚ್ಚಿ ಕೊಟ್ಟಿಗೆಯ ಹಿಂದಕ್ಕೆ ಅಟ್ಟಿದಳು. ಪಟೇಲರಿಗೆ ಇದೊಂದೂ ತಿಳಿಯಲಿಲ್ಲ. ಅವರು ಕೋವಿಯ ಕುದುರೆ ಎಳೆದರು. ಹೊಗೆ ಎದ್ದಿತು, ಕಾಗೆಗಳು ಎದ್ದವು, ಎಲ್ಲೋ ಠಣ್ ಎಂದು ಸದ್ದಾಯಿತು.

"ತಗುಲ್ತು ನೋಡು," ಎಂದರು ಪಟೇಲರು.

"ತಗುಲ್ತು. ಬಚ್ಚಲ ಹಂಡೆಗೆ," ಎಂದಳು ಹಾಲಮ್ಮ ಬಾಗಿಲ ಸಂದಿಯಿಂದ.

ನುಗ್ಗೆಮರ ಬಾವಿಯ ಪಕ್ಕದಲ್ಲಿತ್ತು. ಬಚ್ಚಲು ಎಡಗಡೆಗೆ, ಹಿತ್ತಲಿನ ಇನ್ನೊಂದು ಮೂಲೆಯಲ್ಲಿತ್ತು. ಹಂಡೆಗೆ ಗುರಿಯಿಟ್ಟಿದ್ದೆ ಎಂದು ತಾನು ಹೇಳಿಲ್ಲ, ಇಟ್ಟಿರಲಿಲ್ಲ ಎಂದೂ ಹೇಳಿಲ್ಲ ಎಂದು ಪಟೇಲರು ವಾದಿಸಿದರು. ಅತ್ತೆಯ ಅತ್ತೆ ತವರಿನಿಂದ ತಂದಿದ್ದ ತಾಮ್ರದ ಹಂಡೆ ಅದು. ಹಾಲಮ್ಮ ಹೋಗಿ, ತೂತಿಗೆ ಹುಣಸೆಹಣ್ಣು ಮೆತ್ತಿ ಬಂದಳು.

ಬೇಲದಹಳ್ಳಿ ಅಜ್ಜಂಪುರಕ್ಕೂ ತರೀಕೆರೆಗೂ ನಡುವಿನ ಊರು. ಕಾಡುಹಂದಿಗಳಿಂದ ಬೆಳೆ ಕಾಯಲಿಕ್ಕೆಂದು ಅಮಲ್ದಾರರ ಕಚೇರಿಯಿಂದ ಲೈಸೆನ್ಸು ಪಡೆದ ಒಂದೇ ಒಂದು ಕೋವಿ ಆ ಊರಲ್ಲಿತ್ತು. ಅದು ಪಟೇಲರ ಮನೆಯದು. ಆದರೆ ಅದು ಲಿಂಗ ಕಟ್ಟಿದವರ ಮನೆ. ಹಂದಿ ಹೊಲಕ್ಕೆ ನುಗ್ಗಿದರೆ ಪಟೇಲರು ಆಕಾಶಕ್ಕೆ ಗುಂಡು ಹಾರಿಸಿ ಶಿವಶಿವಾ ಎನ್ನುತ್ತಿದ್ದರು. ಇಷ್ಟು ವರ್ಷಗಳಲ್ಲಿ ಆ ಕೋವಿ ನೆಲಕ್ಕೆ ಕೆಡವಿದ್ದೆಂದರೆ ವರ್ಷಕ್ಕೊಂದು ಬಾಳೆಗಿಡ ಮಾತ್ರ. ವಿಜಯದಶಮಿಯ ದಿನ ಬನ್ನಿಮರದ ಎದುರು ಬಾಳೆಯ ದಿಂಡು ನೆಟ್ಟು, ಅದಕ್ಕೆ ಅಂಬು ಎಂದು ಹೆಸರಿಟ್ಟು, ಪಟೇಲನಾದವನು ಒಂದೇ ಗುಂಡಿಗೆ ಕೆಡವಬೇಕು. ಬಿದ್ದರೆ ಊರಿಗೆ ಒಳ್ಳೆಯದು. ಆಗ ಮನೆಯ ಹೆಂಗಸು ಆರತಿ ಎತ್ತುತ್ತಾಳೆ, ಆಮೇಲೆ ಜನ ಬನ್ನಿಸೊಪ್ಪು ಹಂಚಿಕೊಳ್ಳುತ್ತಾರೆ. ಬೀಳದಿದ್ದರೆ ಕೋವಿ ಅಲ್ಲೇ ದಾಯಾದಿಯ ಕೈಗೆ ಹೋಗುತ್ತದೆ. ಅವನು ಕೆಡವಿದರೆ ಅಂಬು ಹೊಡೆಯುವ ಮರ್ಯಾದೆ ಅಂದಿನಿಂದ ಅವನ ಮನೆಯದು. ಕರಿಸಿದ್ದಪ್ಪನವರ ಕೈಯಲ್ಲಿ ಅಂಬು ಒಂದು ಸಲವೂ ತಪ್ಪಿರಲಿಲ್ಲ. ಊರಿನ ಜಮಾಬಂದಿಯ ಲೆಕ್ಕದಲ್ಲಿ ತಪ್ಪಿದ್ದುಂಟು, ಪಂಚಾಯ್ತಿ ತೀರ್ಮಾನಗಳಲ್ಲಿ ಧಾರಾಳವಾಗಿ ತಪ್ಪಿದ್ದುಂಟು. ಅಂಬಿನಲ್ಲಿ ಇಲ್ಲ.

ಈಗ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕೋವಿಯ ಮೂತಿ ಎಲ್ಲಿದೆಯೆಂದೇ ಕಾಣದವನು ಅದನ್ನು ಕೆನ್ನೆಗೆ ಹಿಡಿದು ಮಾಡುವುದೇನು? ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಅವರ ನಂಬಿಕೆ. ಆದರೆ ಹಿಂದಿನ ವಾರವಷ್ಟೇ ಅವರು ಕಣದಲ್ಲಿ ಒಟ್ಟಿದ್ದ ಹುಲ್ಲಿನ ಬಣವೆಗೆ ಕೈಮುಗಿದು, ಶಾನುಭೋಗರೆಂದು ತಿಳಿದು, ಊಟವಾಯ್ತೇ ಎಂದು ಕೇಳಿದ್ದರು. ಬಣವೆ ಉತ್ತರ ಕೊಡದಿದ್ದಾಗ, ಈ ಶಾನುಭೋಗನಿಗೆ ಇತ್ತೀಚೆಗೆ ಸೊಕ್ಕು ಬಂದಿದೆ ಎಂದು ಮನೆಗೆ ಬಂದು ರೇಗಾಡಿದ್ದರು.

ಹಾಲಮ್ಮನಿಗೆ ಸೊಕ್ಕಿನ ಚಿಂತೆಯಿರಲಿಲ್ಲ, ಬಾವಿಯ ಚಿಂತೆಯಿತ್ತು. ಮುಂಜಾನೆ ಮುಖ ತೊಳೆಯಲು ಹೋದ ಗಂಡ ಬಾವಿಯ ತಗ್ಗು ಕಟ್ಟೆಯನ್ನು ಜಗಲಿಯೆಂದುಕೊಂಡು ಕಾಲೆತ್ತಿದ್ದನ್ನು ಅವಳು ಕಂಡಿದ್ದಳು. ಓಡಿಹೋಗಿ ಪಂಚೆ ಹಿಡಿದು ಎಳೆದಿದ್ದಳು. ಅಂದಿನಿಂದ ಅವಳಿಗೆ ಸರಿಯಾಗಿ ನಿದ್ದೆ ಇರಲಿಲ್ಲ. ಬೀರೂರಿನಲ್ಲಿದ್ದ ಅವಳ ಅಕ್ಕನ ಗಂಡ ಬೆಂಗಳೂರಿನ ಕಣ್ಣಾಸ್ಪತ್ರೆಗೆ ಹೋಗಿ ಪೊರೆ ತೆಗೆಸಿಕೊಂಡು ಬಂದು, ಈಗ ದಪ್ಪ ಕನ್ನಡಕ ಹಾಕಿ ರಾಗಿಯಲ್ಲಿ ಕಲ್ಲು ಆರಿಸುತ್ತಿದ್ದರಂತೆ. ಆ ಮಾತು ಎತ್ತಿದರೆ ಸಾಕು, ಪಟೇಲರು ಎದ್ದು ಹೊರಗೆ ಹೋಗುತ್ತಿದ್ದರು. ಅದು ಬರೀ ಹಟವಲ್ಲ. ಅವರು ಚಿಕ್ಕವರಿದ್ದಾಗ ಊರೂರು ತಿರುಗುವ ಪಂಡಿತನೊಬ್ಬ ಅವರ ತಂದೆಯ ಕಣ್ಣಿಗೆ ಸೂಜಿ ಹಾಕಿ ಪೊರೆ ಕೆಡವಲು ಹೋಗಿ ಕಣ್ಣನ್ನೇ ಕೆಡವಿದ್ದ. ಆಮೇಲೆ ಆ ಮನುಷ್ಯ ಸಾಯುವತನಕ ಜಗಲಿಯಲ್ಲಿ ಕೂತು, ಹೆಜ್ಜೆ ಸದ್ದಾದಾಗಲೆಲ್ಲ ಯಾರು ಯಾರು ಎಂದು ಕೇಳುತ್ತಿದ್ದುದು ಮಗನ ಕಿವಿಯಲ್ಲಿ ಇನ್ನೂ ಇತ್ತು. ಬೆಂಗಳೂರು ಎಂದರೆ ಅವರಿಗೆ ಆ ಸೂಜಿಯೇ ನೆನಪಾಗುತ್ತಿತ್ತು.

ಹಂಡೆಗೆ ಗುಂಡು ಬೀಳುವ ಕೆಲವು ದಿನ ಮೊದಲು ತರೀಕೆರೆಗೆ ಬಯಾಸ್ಕೋಪಿನ ಟೆಂಟು ಬಂದಿತ್ತು. ಊರಿನ ಅರ್ಧ ಜನ ಗಾಡಿ ಕಟ್ಟಿಕೊಂಡು ಹೋದರು. ಪಟೇಲರೂ ಮುಂದಿನ ಬೆಂಚಿನಲ್ಲಿ ಕೂತರು. ಅಮೆರಿಕದ ಯಾವನೋ ದನಗಾಹಿಯ ಚಿತ್ರ. ಪಟೇಲರಿಗೆ ಕಂಡದ್ದು ಒಂದು ಬಿಳೀ ಬೆಳಕು, ಅದರಲ್ಲಿ ಓಡಾಡುವ ಮಬ್ಬು ಅಷ್ಟೇ. ಆದರೆ ಪರದೆಯ ಪಕ್ಕ ಕೋಲು ಹಿಡಿದು ನಿಂತು ಕಥೆ ಹೇಳುತ್ತಿದ್ದವನ ಗಂಟಲು ಚೆನ್ನಾಗಿತ್ತು. ನೋಡಿ ಸ್ವಾಮಿ, ನಮ್ಮ ವೀರ ಕೋವಿ ಎತ್ತಲಿಲ್ಲ, ಕಣ್ಣು ಕಿರಿದು ಮಾಡಲಿಲ್ಲ, ಗುರಿ ಹಿಡಿಯಲಿಲ್ಲ, ಸೊಂಟದಿಂದಲೇ ಢಂ, ಓ ಅಲ್ಲಿ ಬಿದ್ದ ಕಳ್ಳ ಎಂದು ಅವನು ಕೂಗಿದಾಗ, ಪಟೇಲರು ಬೆಂಚಿನ ಮೇಲೆ ನೆಟ್ಟಗಾದರು. ಊರಿಗೆ ವಾಪಸು ಬಂದ ಮೇಲೆ, ಈ ವರ್ಷ ಅಂಬನ್ನು ಸೊಂಟದಿಂದಲೇ ಹೊಡೆಯುವುದೆಂದು ಚಾವಡಿಯಲ್ಲಿ ಸಾರಿಬಿಟ್ಟರು.

ಊರು ಎರಡು ಭಾಗವಾಯಿತು. ಸೊಂಟದಿಂದ ಹೊಡೆದರೆ ತಗುಲುತ್ತದೆ ಎನ್ನುವವರು ಚಾವಡಿಯ ಬಲಗಡೆ ಕೂತರು, ಹೆಗಲಿಗೇರಿಸದೆ ತಗುಲುವುದಿಲ್ಲ ಎನ್ನುವವರು ಎಡಗಡೆ. ಇವರಲ್ಲಿ ಒಬ್ಬರೂ ಕೋವಿ ಮುಟ್ಟಿದವರಲ್ಲವಾದ್ದರಿಂದ ವಾದ ಬಹಳ ಬಿರುಸಾಗಿತ್ತು. ಕಾಗೆಗೆ ಕಲ್ಲು ಹೊಡೆಯುವಾಗ ಯಾವನಾದರೂ ಒಂದು ಕಣ್ಣು ಮುಚ್ಚುತ್ತಾನೆಯೇ ಎಂದು ಪಟೇಲರು ಕೇಳಿದರು. ಹಾಲು ಕರೆಯುವವಳು ಪ್ರತಿಯೊಂದು ಧಾರೆಗೂ ತಂಬಿಗೆಯ ಬಾಯಿ ನೋಡುತ್ತಾಳೆಯೇ? ಕೈಗೆ ತನ್ನದೇ ಒಂದು ತಿಳಿವಳಿಕೆ ಇದೆ, ಕಣ್ಣು ಅಡ್ಡ ಬರದಿದ್ದರೆ ಅದೇ ದಾರಿ ಹುಡುಕಿಕೊಳ್ಳುತ್ತದೆ ಎಂದರು. ಇದಕ್ಕೆ ಬಲಗಡೆಯವರು ತಲೆದೂಗಿದರು.

ಶಾನುಭೋಗರು ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿಕೊಂಡರು. "ಪಟೇಲ್ರೇ, ಬಯಾಸ್ಕೋಪಿನಲ್ಲಿ ಸಾಯೋನು ಸಂಬಳ ತಗೊಂಡು ಸಾಯ್ತಾನೆ. ಗುಂಡು ಎತ್ತ ಹೋದ್ರೂ ಅವನು ಬೀಳಲೇಬೇಕು. ಬಾಳೆದಿಂಡಿಗೆ ಯಾರು ಸಂಬಳ ಕೊಡ್ತಾರೆ?"

ಎಡಗಡೆಯ ಗುಂಪಿನ ಮುಂದಾಳು ದೇವೀರಪ್ಪ. ಪಟೇಲರ ಚಿಕ್ಕಪ್ಪನ ಮಗ. ಅಂಬು ತಪ್ಪಿದರೆ ಕೋವಿ ಹೋಗಬೇಕಾದದ್ದು ಅವನ ಕೈಗೇ. ಕೈ ಬೀಸಿ ಕಲ್ಲು ಎಸೆಯುವುದೇ ಬೇರೆ, ಕಬ್ಬಿಣದ ನಳಿಗೆಯಿಂದ ಗುಂಡು ಹಾರಿಸುವುದೇ ಬೇರೆ, ಅಣ್ಣ ದಯವಿಟ್ಟು ಹೆಗಲಿಗೇ ಹಿಡಿಯಲಿ ಎಂದು ಅವನು ದಿನಾ ಬಂದು ಹೇಳುತ್ತಿದ್ದ. ದಾಯಾದಿಯ ಹೊಟ್ಟೆಯುರಿ ಎಂದು ಊರು ತಿಳಿಯಿತು. ಪಟೇಲರೂ ಹಾಗೇ ತಿಳಿದರು, ತಿಳಿದು ಇನ್ನಷ್ಟು ಬಿಗಿಯಾದರು.

ಹಂಡೆ ತೂತಾದ ದಿನ ಹಾಲಮ್ಮ ಒಂದು ತೀರ್ಮಾನಕ್ಕೆ ಬಂದಳು. ಗಂಡನ ಎದುರು ರೊಟ್ಟಿಯ ತಟ್ಟೆ ಇಟ್ಟು, ಅದರ ಮೇಲೆ ಕೈ ಅಡ್ಡ ಹಿಡಿದು ಕೂತಳು.

"ಸೊಂಟದಿಂದ್ಲೇ ಹೊಡೀರಿ. ನಾನು ಬ್ಯಾಡ ಅನ್ನಲ್ಲ. ಬಿದ್ರೆ ನಿಮ್ಮ ಕಣ್ಣಿನ ಸುದ್ದಿ ನಾನು ಸಾಯೋಗಂಟ ಎತ್ತಲ್ಲ. ತಪ್ಪಿದ್ರೆ ನನ್ ಜೊತೆ ಬೆಂಗಳೂರಿಗೆ ಬರಬೇಕು."

ರೊಟ್ಟಿ ಆರುತ್ತಿತ್ತು, ಬದನೆಕಾಯಿಯ ವಾಸನೆ ಬರುತ್ತಿತ್ತು. ಕೊನೆಗೆ ಪಟೇಲರು ಕೊರಳ ಲಿಂಗ ಮುಟ್ಟಿಕೊಂಡು ಆಗಲಿ ಎಂದರು. ಲಿಂಗ ಮುಟ್ಟಿ ಆಡಿದ ಮಾತನ್ನು ಅವರು ಎಂದೂ ಮೀರಿದವರಲ್ಲ. ಹಾಲಮ್ಮ ಕೈ ತೆಗೆದಳು. ಗಂಡ ಸೋಲಲಿ ಎಂದು ಬೇಡಿಕೊಳ್ಳುವ ಹೆಂಡತಿಗೆ ಏನನ್ನಬೇಕೋ ಅವಳಿಗೆ ಗೊತ್ತಿರಲಿಲ್ಲ. ಆದರೂ ಅಂದಿನಿಂದ ಪೂಜೆಯಲ್ಲಿ ಅವಳು ಬೇಡಿಕೊಂಡದ್ದು ಅದನ್ನೇ.

ವಿಜಯದಶಮಿಯ ಬೆಳಿಗ್ಗೆ ಪಟೇಲರು ಕೋವಿಗೆ ವಿಭೂತಿ ಹಚ್ಚುತ್ತ ನಡುಮನೆಯಲ್ಲಿದ್ದಾಗ, ದೇವೀರಪ್ಪ ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ನುಸುಳಿ ಬಂದ. ಮುಖದಲ್ಲಿ ರಕ್ತವಿರಲಿಲ್ಲ. ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಹಾಲಮ್ಮ ಕೊಟ್ಟ ನೀರನ್ನು ಗಟಗಟ ಕುಡಿದ.

"ಅತ್ತಿಗೆ, ಅಂಬು ಅಣ್ಣನ ಕೈಲೇ ಬೀಳಬೇಕು," ಎಂದ ಪಿಸುದನಿಯಲ್ಲಿ. "ನಂಗೆ ಕೋವಿ ಅಂದ್ರೆ ಆಗಲ್ಲ. ಪಟಾಕಿ ಸದ್ದಿಗೇ ಎದೆ ಹೊಡ್ಕೊಳ್ತದೆ. ಊರಿನ ಮುಂದೆ ನನ್ ಕೈಗೆ ಕೊಟ್ರೆ ಪಂಚೆ ಒದ್ದೆ ಆಗೋದೊಂದೇ ಬಾಕಿ."

ಅದಕ್ಕಾಗಿಯೇ ಅವನು ಇಷ್ಟು ದಿನ ಅಣ್ಣನಿಗೆ ಹೆಗಲು ಹೆಗಲು ಎಂದು ಗೋಗರೆದದ್ದು. ಕೇಳದಿದ್ದ ಮೇಲೆ ಬೇರೆ ದಾರಿ ಮಾಡಿದ್ದ. ಅಂಬು ನೆಡುವವನು ತಳವಾರ ಅಂಜಿನಪ್ಪ. ದಿಂಡನ್ನು ಬುಡದಲ್ಲಿ ಮುಕ್ಕಾಲು ಕೊಯ್ದು, ಹಿಂದೆ ಕತ್ತಾಳೆಯ ಹಗ್ಗ ಕಟ್ಟಿ, ಅದರ ತುದಿ ಹಿಡಿದು ಅಂಜಿನಪ್ಪ ಬನ್ನಿಮರದ ಮರೆಯಲ್ಲಿ ಕೂತಿರುತ್ತಾನೆ. ಢಂ ಎಂದ ತಕ್ಷಣ ಎಳೆಯುತ್ತಾನೆ. ಊರಿನ ಹಿರಿಯರಿಗೂ ಹೇಳಿಯಾಗಿದೆ. ಎಲ್ಲರೂ ಒಪ್ಪಿದ್ದಾರೆ; ಅಂಬು ಬೀಳದಿದ್ದರೆ ಮಳೆಗೆ ಒಳ್ಳೆಯದಲ್ಲ ಎಂಬ ಹೆದರಿಕೆ ಅವರಿಗೆ. ಅಣ್ಣನ ಕಣ್ಣಿನ ವಿಷಯ ಊರಿಗೇ ಗೊತ್ತಿದೆ, ಅಣ್ಣನಿಗೆ ಬೇಜಾರಾದೀತೆಂದು ಯಾರೂ ಬಾಯಿಬಿಡುವುದಿಲ್ಲ, ಅಷ್ಟೇ ಎಂದ.

ಹಾಲಮ್ಮ ಒಲೆಯಲ್ಲಿ ಸೌದೆ ಮುಂದಕ್ಕೆ ತಳ್ಳಿದಳು. ಲಿಂಗ ಮುಟ್ಟಿ ಆಡಿದ ಮಾತು ಇವನಿಗೆ ಗೊತ್ತಿರಲಿಲ್ಲ. ಹಗ್ಗ ಎಳೆದರೆ ಊರು ಗೆಲ್ಲುತ್ತದೆ, ಇವನು ಗೆಲ್ಲುತ್ತಾನೆ, ಗಂಡನೂ ಗೆಲ್ಲುತ್ತಾನೆ. ಗೆದ್ದ ಗಂಡ ನಾಳೆ ಬೆಳಿಗ್ಗೆ ಮುಖ ತೊಳೆಯಲು ಅದೇ ಬಾವಿಗೆ ಹೋಗುತ್ತಾನೆ. ದೇವೀರಪ್ಪ ಹೋದ ಮೇಲೆ ಅವಳು ಅಲ್ಲೇ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆ ಎಂದುಕೊಳ್ಳಲು ಒಲೆಯಲ್ಲಿ ಹೊಗೆಯೂ ಇರಲಿಲ್ಲ.

ಸಾಯಂಕಾಲ ಊರೆಲ್ಲ ಬನ್ನಿಮರದ ಬಯಲಿಗೆ ಬಂತು. ಪಟೇಲರು ಜರಿಯ ರುಮಾಲು ಸುತ್ತಿ, ಕರಿ ಕೋಟು ತೊಟ್ಟು ಬಂದಿದ್ದರು. ಈ ಸಲ ಹಲಗೆಯನ್ನು ಅಂಬಿನ ಪಕ್ಕದಲ್ಲೇ ನಿಂತು ಬಾರಿಸಬೇಕು, ಗುಂಡು ಹಾರುವ ತನಕ ನಿಲ್ಲಿಸಬಾರದು ಎಂದು ಅವರು ಕಟ್ಟಪ್ಪಣೆ ಮಾಡಿದ್ದರು. ಊರು ಅದನ್ನು ದರ್ಬಾರಿನ ಡೌಲು ಎಂದುಕೊಂಡಿತು. ಹಾಲಮ್ಮ ಹೆಂಗಸರ ಗುಂಪಿನ ಮುಂದೆ, ಇನ್ನೂ ಹಚ್ಚದ ಆರತಿಯ ತಟ್ಟೆ ಹಿಡಿದು ನಿಂತಿದ್ದಳು. ಗಂಡ ಕಿವಿಯಿಂದ ಗುರಿ ಹಿಡಿಯಲು ಹೊರಟಿದ್ದಾರೆಂದು ಅವಳಿಗೆ ತಕ್ಷಣ ತಿಳಿಯಿತು.

ಹಲಗೆಯವನು ಬಾರಿಸತೊಡಗಿದ. ಪಟೇಲರು ಕೋವಿಯನ್ನು ಸೊಂಟಕ್ಕೆ ಒತ್ತಿಕೊಂಡು, ತಲೆಯನ್ನು ಸ್ವಲ್ಪ ಓರೆ ಮಾಡಿ, ಸದ್ದು ಬಂದ ಕಡೆಗೆ ಮೂತಿ ತಿರುಗಿಸಿದರು. ಮೂತಿ ನೇರ ತನ್ನ ಹೊಟ್ಟೆಗೇ ಬಂದದ್ದನ್ನು ಕಂಡ ಹಲಗೆಯವನು ಬಾರಿಸುತ್ತಲೇ ನಾಲ್ಕು ಹೆಜ್ಜೆ ಎಡಕ್ಕೆ ಸರಿದ. ಮೂತಿಯೂ ಎಡಕ್ಕೆ ಸರಿಯಿತು. ಅವನು ಬಲಕ್ಕೆ ಓಡಿದ. ಮೂತಿ ಬಲಕ್ಕೆ ಬಂತು. ಮೂತಿ ಹೋದತ್ತ ಜನ ಇಬ್ಭಾಗವಾಗಿ ದಾರಿ ಬಿಡುತ್ತಿದ್ದರು. ಸೊಂಟದ ಪಕ್ಷದವರೇ ಎಲ್ಲರಿಗಿಂತ ದೂರ ಓಡಿದ್ದರು. ನಿಲ್ಲಿಸಿದರೆ ಪಟೇಲರ ಅಪ್ಪಣೆ ಮೀರಿದ ಹಾಗೆ, ಬಾರಿಸಿದರೆ ಜೀವ ಹೋದ ಹಾಗೆ. ಹಲಗೆಯವನು ಇನ್ನೊಂದು ಸುತ್ತು ಬಂದು, ಕೊನೆಗೆ ಜೀವವೇ ದೊಡ್ಡದೆಂದು ಹಲಗೆಯ ಸಮೇತ ನೆಲಕ್ಕೆ ಅಂಗಾತ ಬಿದ್ದುಬಿಟ್ಟ. ಬಯಲಿನಲ್ಲಿ ಸದ್ದಡಗಿತು.

ಪಟೇಲರು ಹೊಡೆದರು.

ಹೊಗೆ ದಟ್ಟವಾಗಿ ಎದ್ದಿತು. ಅಂಜಿನಪ್ಪ ಹಗ್ಗ ಜಗ್ಗಿದ. ಅಂಬು ಒಮ್ಮೆ ಓಲಾಡಿ ಮಗ್ಗುಲಿಗೆ ಬಿತ್ತು. ಗುಂಡು ಎತ್ತ ಹೋಯಿತೆಂದು ನೋಡಿದವರು ಯಾರೂ ಇಲ್ಲ. ಬಿತ್ತು, ಬಿತ್ತು ಎಂದು ಊರು ಒಂದೇ ದನಿಯಲ್ಲಿ ಕೂಗಿತು. ಎಡಗಡೆಯವರು, ಬಲಗಡೆಯವರು ಎಲ್ಲರೂ ಕೂಗಿದರು. ದೇವೀರಪ್ಪನ ದನಿ ಎಲ್ಲಕ್ಕಿಂತ ಜೋರಾಗಿತ್ತು.

ಹೊಗೆಯ ನಡುವೆ ಪಟೇಲರ ಮುಖ ಅರಳಿತ್ತು. ಇಷ್ಟು ಸಂತೋಷವನ್ನು ಹಾಲಮ್ಮ ಆ ಮುಖದಲ್ಲಿ ಕಂಡು ಬಹಳ ದಿನವಾಗಿತ್ತು. ಆರತಿ ಹಚ್ಚಲು ಯಾರೋ ಉರಿಯುವ ಬತ್ತಿ ಹಿಡಿದು ಬಂದರು. ಅವಳು ತಟ್ಟೆಯನ್ನು ಅವರಿಂದ ಹಿಂದಕ್ಕೆ ಸರಿಸಿಕೊಂಡು ಗಂಡನ ಹತ್ತಿರ ಹೋದಳು. ಬಳೆಯ ಸದ್ದಿನಿಂದ ಅವಳೆಂದು ತಿಳಿದ ಪಟೇಲರು ಸೊಂಟದಿಂದ ಕೋವಿ ಇಳಿಸಿದರು.

"ಹೆಂಗಿತ್ತೇ?" ಎಂದರು.

ಬಿತ್ತು ಎಂದುಬಿಟ್ಟರೆ ಮುಗಿಯುತ್ತಿತ್ತು. ಊರೆಲ್ಲ ಅವಳ ಬಾಯಿಯನ್ನೇ ನೋಡುತ್ತಿತ್ತು. ಹಾಲಮ್ಮ ಹಚ್ಚದ ಆರತಿಯ ತಟ್ಟೆಯನ್ನು ಎದೆಗೊತ್ತಿಕೊಂಡಳು.

"ತಪ್ತು," ಎಂದಳು. "ನಿಮ್ಮ ಗುಂಡಿಗೆ ಬೀಳಲಿಲ್ಲ. ಹಗ್ಗ ಕಟ್ಟಿ ಎಳದ್ರು."

ಶಾನುಭೋಗರು ಕೆಮ್ಮಿದರು. ಹೆಂಗಸರ ಗುಂಪಿನಲ್ಲಿ ಯಾರೋ ಇವಳಿಗೇನು ಬಂತು ಎಂದರು. ಪಟೇಲರ ಮುಖ ಒಮ್ಮೆಲೇ ಸಣ್ಣದಾಯಿತು. ಅವರು ಯಾರ ಕಡೆಗೂ ಅಲ್ಲದೆ, ಬಯಲಿನ ಕಡೆಗೆ ಮುಖ ಮಾಡಿ, ಯಾರ ಕೆಲಸ ಎಂದು ಕೇಳಿದರು. ಮರದ ಮರೆಯಿಂದ ಅಂಜಿನಪ್ಪ ಹಗ್ಗವನ್ನು ಕೈಯಲ್ಲಿ ಹಾಗೇ ಹಿಡಿದುಕೊಂಡು ಬಂದು ಕಾಲಿಗೆ ಬಿದ್ದ. ಅವನದೇನೂ ತಪ್ಪಿಲ್ಲ, ತಾನೇ ಮಾಡಿಸಿದ್ದು ಎಂದು ದೇವೀರಪ್ಪ ಮುಂದೆ ಬಂದ.

"ನೀನ್ಯಾಕೋ? ತಪ್ಪಿದ್ರೆ ನಿಂಗೇ ತಾನೇ ಬರ್ತಿದ್ದದ್ದು?"

"ಅದಕ್ಕೇ ಅಣ್ಣ. ನಂಗೆ ಕೋವಿ ಅಂದ್ರೆ ಜೀವಭಯ."

ಇದನ್ನು ಅವನು ಎಲ್ಲರಿಗೂ ಕೇಳುವಂತೆ ಹೇಳಿದ. ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಶಾನುಭೋಗರು ನಕ್ಕರು, ನೆಲದಿಂದ ಏಳುತ್ತಿದ್ದ ಹಲಗೆಯವನೂ ನಕ್ಕ. ಪಟೇಲರು ಮಾತ್ರ ನಗಲಿಲ್ಲ. ಕಣ್ಣಿನ ವಿಷಯ ಎಲ್ಲರಿಗೂ ಗೊತ್ತಿತ್ತೇನು ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದರು. ಗೊತ್ತಿತ್ತು ಎಂದಳು. ಅವರು ದೊಡ್ಡದೊಂದು ಉಸಿರು ಬಿಟ್ಟರು. ಹೊತ್ತುಕೊಂಡಿದ್ದ ಮೂಟೆಯನ್ನು ಇಳಿಸಿದವನ ಉಸಿರಿನಂತಿತ್ತು ಅದು.

"ಅಂಜಿನಪ್ಪ, ಇನ್ನೊಂದು ದಿಂಡು ನೆಡು," ಎಂದರು. "ಹಗ್ಗ ಬ್ಯಾಡ."

ಹೊಸ ದಿಂಡು ಬರುವಷ್ಟರಲ್ಲಿ ಅವರು ನಿಂತಲ್ಲೇ ಕೋವಿ ತುಂಬಿದರು. ಮದ್ದು ಸುರಿದು, ನಾರು ತುರುಕಿ, ಗುಂಡು ಬಿಟ್ಟು, ಕೋಲಿನಿಂದ ಜಡಿದು, ಕಿಡಿ ಹಾರಿಸುವ ಕೇಪು ಕೂರಿಸಿದರು. ಕೈ ಒಂದು ಕಡೆಯೂ ತಡವರಿಸಲಿಲ್ಲ. ಬಾರೋ ಎಂದು ದೇವೀರಪ್ಪನನ್ನು ಕರೆದು ಕೋವಿಯನ್ನು ಅವನ ಕೈಗಿತ್ತರು. ಅವನ ಹಲ್ಲು ಕಟಕಟ ಎನ್ನುತ್ತಿತ್ತು.

"ಅಣ್ಣ, ಸೊಂಟಕ್ಕಾ, ಹೆಗಲಿಗಾ?"

ಚಾವಡಿಯ ಎಡಬಲದವರೆಲ್ಲ ಕತ್ತು ಮುಂದೆ ಚಾಚಿದರು.

"ಸೊಂಟದಿಂದ ಹೊಡೆದ್ರೆ ಯಾವನಿಗಾದ್ರೂ ತಗುಲ್ತದೇನೋ, ಪೆದ್ದ?" ಎಂದರು ಪಟೇಲರು. "ಹೆಗಲಿಗೆ ಹಿಡಿ."

ಸೊಂಟದ ಪಕ್ಷ ಬಾಯಿ ತೆರೆದು ನಿಂತಿತು. ಪಟೇಲರು ತಮ್ಮನ ಹಿಂದೆ ನಿಂತು, ಕೋವಿಯ ಬುಡವನ್ನು ಅವನ ಹೆಗಲ ಸಂದಿಗೆ ತಾವೇ ಕೂರಿಸಿದರು. ಅವನ ಕೆನ್ನೆಯನ್ನು ಕೋವಿಯ ಮರದ ಹಿಡಿಗೆ ತಾಗಿಸಿದರು. ಎಡಗೈಯನ್ನು ನಳಿಗೆಯ ಕೆಳಗೆ ಇನ್ನಷ್ಟು ಮುಂದಕ್ಕೆ ಸರಿಸಿದರು. ಗಟ್ಟಿಯಾಗಿ ಒತ್ತಿ ಹಿಡಿದರೆ ಒದೆಯುವುದಿಲ್ಲ, ಸಡಿಲ ಬಿಟ್ಟರೆ ಒದೆಯುತ್ತದೆ ಎಂದು ಕಿವಿಯಲ್ಲಿ ಹೇಳಿದರು. ಉಸಿರು ಪೂರ್ತಿ ಬಿಟ್ಟ ಮೇಲೆಯೇ ಬೆರಳು ಆಡಬೇಕು ಎಂದರು. ಹೇಳುತ್ತ ಹೇಳುತ್ತ ಅಂಗೈಯನ್ನು ಅವನ ಬೆನ್ನಿನ ಮೇಲಿಟ್ಟುಕೊಂಡಿದ್ದರು.

"ಕಣ್ಣು ಬಿಡೋ."

"ಬಿಟ್ಟಿದೀನಿ ಅಣ್ಣ."

"ಇಲ್ಲ, ಮುಚ್ಚಿದೀಯ. ಮೊದಲ್ನೇ ಸಲ ನಾನೂ ಮುಚ್ಚಿದ್ದೆ. ಬಿಡು."

ದೇವೀರಪ್ಪ ಕಣ್ಣು ಬಿಟ್ಟ. ಅವನ ಬೆನ್ನು ನಿಧಾನಕ್ಕೆ ನಡುಕ ನಿಲ್ಲಿಸಿತು. ಉಸಿರು ಬಿಟ್ಟ. ಕೋವಿ ಢಂ ಎಂದಿತು.

ಬಿತ್ತು, ಬಿತ್ತು ಎಂದು ಊರು ಮತ್ತೆ ಕೂಗಿತು. ಹಲಗೆ ಮೊಳಗಿತು, ಜನ ಬನ್ನಿಸೊಪ್ಪಿಗೆ ಮುಗಿಬಿದ್ದರು, ದೇವೀರಪ್ಪ ಹೆಗಲು ಉಜ್ಜಿಕೊಳ್ಳುತ್ತ ಕುಣಿಯುತ್ತಿದ್ದ. ಪಟೇಲರು ಆ ಗದ್ದಲದ ನಡುವೆ ಅಲುಗಾಡದೆ ನಿಂತಿದ್ದರು. ಬಳೆಯ ಸದ್ದು ಹತ್ತಿರ ಬರುವ ತನಕ ಕಾದರು.

"ಬಿತ್ತೇನೇ?"

"ಬಿತ್ತು," ಎಂದಳು ಹಾಲಮ್ಮ.

ಆಗ ಅವರು ನಕ್ಕರು. ಬೆಂಗಳೂರಿಗೆ ಯಾವತ್ತು ರೈಲು ಎಂದು ಕೇಳಿದರು. ನಾಳೆಯೇ ಎಂದು ಅವಳು ಹೇಳಿದಳು. ಆರತಿ ಬೆಳಗಿ ದೇವೀರಪ್ಪನ ಹಣೆಗೆ ಕುಂಕುಮವಿಟ್ಟು, ತಟ್ಟೆಯನ್ನು ಗಂಡನ ಎದುರಿಗೆ ಹಿಡಿದಳು. ಪಟೇಲರು ಉರಿಯನ್ನು ಕಣ್ಣಿಗೆ ಒತ್ತಿಕೊಳ್ಳಲು ಎರಡೂ ಕೈ ಚಾಚಿದರು. ಕೈಗಳು ತಟ್ಟೆಯಿಂದ ಒಂದು ಮೊಳ ಆಚೆ, ಖಾಲಿ ಗಾಳಿಯಲ್ಲಿ ನಿಂತವು. ಹಾಲಮ್ಮ ಒಂದು ಹೆಜ್ಜೆ ಸರಿದು, ಆ ಕೈಗಳ ಕೆಳಗೆ ಉರಿಯನ್ನು ತಂದು ಹಿಡಿದಳು.